ಬರೆಯದೆ ಬಿಟ್ಟದ್ದಕ್ಕೆ ಯಾರು ಹೊಣೆ?

ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟರೆ ದಾರಿಯಲ್ಲಿ ಸಿಗುವ ಮಚ್ಛೆ ಎರಡು ಕಾರಣಕ್ಕೆ ಹೆಸರಾದ ಊರು. ಒಂದು, ಅಲ್ಲಿನ ಕೈಗಾರಿಕಾ ಪ್ರದೇಶ. ಇನ್ನೊಂದು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕೇಂದ್ರ ಕಚೇರಿ ಇರುವ ‘ಜ್ಞಾನ ಸಂಗಮ’ ಆವರಣ. ವಿಟಿಯು ಶುರುವಾದದ್ದು 1998ರ ಏಪ್ರಿಲ್ 1ರಂದು. ಅದಕ್ಕೆ ಎರಡು ತಿಂಗಳಿಗೂ ಕಡಿಮೆ ಮುಂಚೆ, ಫೆಬ್ರವರಿ 10ರಂದು, ವೆಬ್ಬಿನ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಎಕ್ಸ್‌ಎಂಎಲ್ ಎಂಬ, ಮಾಹಿತಿಯನ್ನು ಟ್ಯಾಗುಗಳ ನಡುವೆ ಬರೆದಿಡುವ ಪದ್ಧತಿಯ 1.0 ಆವೃತ್ತಿಯನ್ನು ಪ್ರಕಟಿಸಿತ್ತು. ಒಂದೇ ವರ್ಷ ಹುಟ್ಟಿದ ಈ ಎರಡೂ ಮುಂದೆ ರಾಜ್ಯದ ನೂರಾರು ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ಗಳಲ್ಲಿ ಒಟ್ಟಿಗೆ ಬಂದವು. ವಿಟಿಯು ವೆಬ್ ಪ್ರೋಗ್ರಾಮಿಂಗ್ ಲ್ಯಾಬ್ ಮಾಡಿದವರಿಗೆ ಆ ಅಭ್ಯಾಸ ನೆನಪಿರುತ್ತದೆ: ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನ ವಿದ್ಯಾರ್ಥಿಯ ಯುಎಸ್‌ಎನ್ (ವಿಶ್ವವಿದ್ಯಾಲಯ ಕೊಡುವ ನೋಂದಣಿ ಸಂಖ್ಯೆ), ಹೆಸರು, ಕಾಲೇಜು, ವಿಭಾಗ, ಸೇರಿದ ವರ್ಷ, ಇಮೇಲ್ ಇಷ್ಟನ್ನೂ ಇಟ್ಟುಕೊಳ್ಳುವ ಎಕ್ಸ್‌ಎಂಎಲ್ ಕಡತ ಬರೆಯಬೇಕು, ಮೂವರು ವಿದ್ಯಾರ್ಥಿಗಳ ಮಾಹಿತಿ ತುಂಬಬೇಕು, ಮೊದಲು ಸಿಎಸ್‌ಎಸ್‌ನಿಂದಲೂ ಆಮೇಲೆ ಎಕ್ಸ್‌ಎಸ್‌ಎಲ್‌ಟಿಯಿಂದಲೂ ಅದನ್ನು ತೆರೆಯ ಮೇಲೆ ತೋರಿಸಬೇಕು.

ಸಾವಿರಾರು ಮಂದಿ ಮಾಡಿ ಮುಗಿಸಿದ ಈ ಅಭ್ಯಾಸ ಒಂದು ಹೆಜ್ಜೆ ಮುಂದೆ ಹೋಗಿದ್ದರೆ ಒಳ್ಳೆಯ ಪ್ರಶ್ನೆಯೊಂದಕ್ಕೆ ಎದುರಾಗುತ್ತಿತ್ತು. ಕಡತವನ್ನು ಓದಿದ ಪ್ರೋಗ್ರಾಂ ಅದನ್ನು ಮತ್ತೆ ಕಡತವಾಗಿ ಬರೆಯುವಾಗ, ಬರೆದವರು ಹೇಳದೆ ಬಿಟ್ಟ ಮಾತನ್ನು ತಾನು ಬರೆಯಬೇಕೋ ಬಿಡಬೇಕೋ? ಮೇಲ್ನೋಟಕ್ಕೆ ಇದು ಸಾಫ್ಟ್‌ವೇರ್‌ನವರ ಒಳಮನೆಯ ವಿಚಾರ. ಆದರೆ ಜಾತಿ ಪ್ರಮಾಣಪತ್ರದಿಂದ ಅಂಕಪಟ್ಟಿಯವರೆಗೆ ಎಲ್ಲವೂ ಕಡತವಾಗಿ ಓಡಾಡುವ ಈ ಕಾಲದಲ್ಲಿ ಇದು ಸಾಮಾನ್ಯರ ದಾಖಲೆಯ ಪ್ರಶ್ನೆಯೂ ಹೌದು.

ಆ ವಿದ್ಯಾರ್ಥಿ ಕಡತವನ್ನೇ ತೆಗೆದುಕೊಳ್ಳೋಣ. ಎಕ್ಸ್‌ಎಂಎಲ್‌ನಲ್ಲಿ ಟ್ಯಾಗಿನ ಹೆಸರನ್ನು ಕನ್ನಡದಲ್ಲೇ ಇಡಬಹುದು, 1998ರ ಮೊದಲ ಆವೃತ್ತಿಯಲ್ಲೇ ಅದಕ್ಕೆ ಅವಕಾಶವಿತ್ತು. (‘ಯುಎಸ್‌ಎನ್’ ಎಂದು ಬರೆಯುವಾಗ ಅಕ್ಷರಗಳ ನಡುವೆ ಹಲವೊಮ್ಮೆ ಇಡುವ ಕಣ್ಣಿಗೆ ಕಾಣದ ಚಿಹ್ನೆಗೆ ಮಾತ್ರ ಹೆಸರಿನೊಳಗೆ ಜಾಗ ಸಿಕ್ಕಿದ್ದು 2008ರ ಐದನೇ ಆವೃತ್ತಿಯಲ್ಲಿ.) ಹಾಗಾಗಿ ಒಂದು ದಾಖಲೆ ಹೀಗಿರಬಹುದು:

<ವಿದ್ಯಾರ್ಥಿ ವಿಭಾಗ="ಮೆಕ್ಯಾನಿಕಲ್">

ಇಲ್ಲಿ ‘ವಿಭಾಗ’ ಎಂಬುದು ಆಟ್ರಿಬ್ಯೂಟ್, ‘ಮೆಕ್ಯಾನಿಕಲ್’ ಅದರ ಮೌಲ್ಯ. ಈ ಕಡತದ ಜೊತೆಗೆ ಡಿಟಿಡಿ ಎಂಬ ನಿಯಮಪಟ್ಟಿ ಇರುತ್ತದೆ. ಯಾವ ಟ್ಯಾಗಿಗೆ ಯಾವ ಆಟ್ರಿಬ್ಯೂಟ್ ಇರಬಹುದು ಎಂದು ಹೇಳುವುದು ಅದರ ಕೆಲಸ. ಪ್ರತಿ ಆಟ್ರಿಬ್ಯೂಟ್ ಬಗ್ಗೆ ಅದು ನಾಲ್ಕರಲ್ಲಿ ಒಂದು ಮಾತು ಹೇಳಬಹುದು: ಬರೆಯಲೇಬೇಕು, ಬೇಕಿದ್ದರೆ ಬರೆಯಿರಿ, ಬರೆದರೂ ಬಿಟ್ಟರೂ ಮೌಲ್ಯ ಇದೊಂದೇ, ಬರೆಯದಿದ್ದರೆ ಇದು ಎಂದು ತಿಳಿಯಿರಿ. ಕೊನೆಯದೇ ಡೀಫಾಲ್ಟ್ ಮೌಲ್ಯ. ನಮ್ಮ ನಿಯಮಪಟ್ಟಿ ‘ಊರು’ ಎಂಬ ಇನ್ನೊಂದು ಆಟ್ರಿಬ್ಯೂಟನ್ನು ಹೆಸರಿಸಿ, ಬರೆಯದಿದ್ದರೆ ‘ಬೆಲ್ಗಾಮ್’ ಎಂದು ತಿಳಿಯಿರಿ ಎಂದಿದೆ ಎನ್ನೋಣ. ಈಗ ಆ ವಿದ್ಯಾರ್ಥಿಯ ಸಾಲಿನಲ್ಲಿ ಊರಿನ ಸುದ್ದಿಯೇ ಇಲ್ಲ. ಆದರೂ ನಿಯಮಪಟ್ಟಿ ಓದಿದ ಪಾರ್ಸರ್, ಅಂದರೆ ಕಡತ ಓದುವ ಪ್ರೋಗ್ರಾಂ, ಕಡತವನ್ನು ಮೆಮೊರಿಯಲ್ಲಿ ಮರದ ರೂಪದಲ್ಲಿ ಕಟ್ಟಿಕೊಳ್ಳುವಾಗ, ಆ ವಿದ್ಯಾರ್ಥಿಯ ಕೊಂಬೆಗೆ ಎರಡು ಆಟ್ರಿಬ್ಯೂಟ್ ಕಟ್ಟುತ್ತದೆ. ಒಂದು ಬರೆದವರು ಕೊಟ್ಟದ್ದು, ಇನ್ನೊಂದು ನಿಯಮ ಕೊಟ್ಟದ್ದು.

ಇಂಥದು ಆಡುಮಾತಿನಲ್ಲೂ ನಡೆಯುತ್ತದೆ. ಮಚ್ಛೆಯ ಮನೆಯೊಂದರ ಮುಂದೆ ನಿಂತು ಯಜಮಾನರು ಎಲ್ಲಿ ಎಂದು ಕೇಳಿದರೆ ‘ಪ್ಯಾಟಿಗೆ ಹೋಗ್ಯಾರ’ ಎಂಬ ಉತ್ತರಕ್ಕೆ ಬೆಳಗಾವಿ ಎಂದೇ ಅರ್ಥ. ಖಾನಾಪುರದ ಹತ್ತಿರದ ಹಳ್ಳಿಯಲ್ಲಿ ಅದೇ ಮಾತಿಗೆ ಖಾನಾಪುರ ಎಂದು ಅರ್ಥ. ಇಬ್ಬರೂ ಊರಿನ ಹೆಸರು ಹೇಳಿಲ್ಲ, ಕೇಳಿದವರು ನಿಂತ ನೆಲ ಅದನ್ನು ತುಂಬಿಕೊಟ್ಟಿದೆ. ಈ ಮಾತನ್ನು ಕಾಗದದ ಮೇಲೆ ಬರೆದು ಬೆಂಗಳೂರಿಗೆ ಕಳಿಸಬೇಕಾದಾಗ ತೊಡಕು ಶುರುವಾಗುತ್ತದೆ. ಊರಿನ ಹೆಸರು ಸೇರಿಸಿ ಕಳಿಸಬೇಕೋ, ಹೇಳಿದ್ದನ್ನಷ್ಟೇ ಬರೆಯಬೇಕೋ? ಮೆಮೊರಿಯ ಮರವನ್ನು ಮತ್ತೆ ಅಕ್ಷರಗಳ ಸಾಲಾಗಿ ಬರೆಯುವ ಕೆಲಸಕ್ಕೆ, ಅಂದರೆ ಸೀರಿಯಲೈಸ್ ಮಾಡುವುದಕ್ಕೆ, ಎದುರಾಗುವುದೂ ಇದೇ ಪ್ರಶ್ನೆ.

ನಿಯಮಪಟ್ಟಿ ಎಂದೂ ಬದಲಾಗದಿದ್ದರೆ ಯಾವ ಉತ್ತರವಾದರೂ ನಡೆಯುತ್ತಿತ್ತೇನೋ. ಆದರೆ ಬದಲಾಗುತ್ತದೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಅಧಿಕೃತವಾಗಿ ಕನ್ನಡದ ಉಚ್ಚಾರಕ್ಕೆ ತಿರುಗಿದವು. ಕನ್ನಡದಲ್ಲಿ ಮೊದಲಿಂದಲೂ ಬೆಳಗಾವಿಯೇ ಆಗಿದ್ದ ಊರು ಇಂಗ್ಲಿಷಿನಲ್ಲೂ ‘ಬೆಲ್ಗಾಮ್’ ಬಿಟ್ಟು ಬೆಳಗಾವಿ ಆಯಿತು. ವಿಟಿಯುನ ಪ್ರಾದೇಶಿಕ ಕೇಂದ್ರಗಳಿರುವ ಬೆಂಗಳೂರು, ಮೈಸೂರು, ಕಲಬುರಗಿಯ ಹೆಸರುಗಳೂ ಅಂದೇ ಬದಲಾದವು. ಆ ದಿನ ನಮ್ಮ ನಿಯಮಪಟ್ಟಿಯಲ್ಲಿ ಒಂದೇ ಒಂದು ಪದ ತಿದ್ದಿ, ಡೀಫಾಲ್ಟ್ ಮೌಲ್ಯವನ್ನು ‘ಬೆಳಗಾವಿ’ ಮಾಡಿದೆವು ಎಂದುಕೊಳ್ಳಿ. ಊರು ಬರೆಯದೆ ಬಿಟ್ಟಿದ್ದ ದಾಖಲೆಗಳೆಲ್ಲ ಒಂದೂ ಅಕ್ಷರ ಮುಟ್ಟದೆ ಹೊಸ ಹೆಸರು ಪಡೆದವು. ಯಾವುದೋ ಪ್ರೋಗ್ರಾಂ ನಡುವೆ ಒಮ್ಮೆ ಓದಿ, ಡೀಫಾಲ್ಟನ್ನೂ ಬಿಡಿಸಿ ಬರೆದು ಉಳಿಸಿದ್ದ ದಾಖಲೆಗಳು ‘ಬೆಲ್ಗಾಮ್’ನಲ್ಲೇ ನಿಂತವು. ಮೂಲದಲ್ಲಿ ಎರಡೂ ಒಂದೇ ಬಗೆಯ ದಾಖಲೆ. ನಡುವಿನ ಒಂದು ಪ್ರೋಗ್ರಾಮಿನ ಅಭ್ಯಾಸ ಅವನ್ನು ಎರಡು ಊರಿನವರನ್ನಾಗಿ ಮಾಡಿತು.

ಇವುಗಳಲ್ಲಿ ಯಾವುದು ಸರಿ? ಅದು ದಾಖಲೆ ಯಾತಕ್ಕಾಗಿ ಇದೆ ಎಂಬುದರ ಮೇಲೆ ನಿಂತಿದೆ. ಈಗ ಓದುತ್ತಿರುವ ವಿದ್ಯಾರ್ಥಿಯ ವಿಳಾಸ ಹೊಸ ಹೆಸರಿನ ಜೊತೆ ನಡೆಯಬೇಕು. ಅಲ್ಲಿ ಬರೆಯದೆ ಬಿಟ್ಟದ್ದು ಬರೆಯದೆಯೇ ಉಳಿದರೆ ಒಳ್ಳೆಯದು. 2009ರಲ್ಲಿ ಕೊಟ್ಟ ಪ್ರಮಾಣಪತ್ರದ ಮಾತು ಬೇರೆ. ಕೊಟ್ಟ ದಿನ ಅದರ ಮೇಲೆ ಯಾವ ಹೆಸರಿತ್ತೋ ಅದೇ ಇರಬೇಕು, ಇಲ್ಲವಾದರೆ ವಿದ್ಯಾರ್ಥಿಯ ಕೈಯಲ್ಲಿರುವ ಕಾಗದಕ್ಕೂ ಕಂಪ್ಯೂಟರಿನಲ್ಲಿರುವ ಕಡತಕ್ಕೂ ತಾಳೆಯಾಗದು. ಅಲ್ಲಿ ಡೀಫಾಲ್ಟನ್ನು ಅಂದೇ ಬಿಡಿಸಿ ಬರೆದಿರಬೇಕಿತ್ತು. ಒಂದೇ ಆಟ್ರಿಬ್ಯೂಟ್, ಎರಡು ಕಡತ, ಎರಡು ಬೇರೆ ಉತ್ತರ. ಹಾಗಾಗಿ ಈ ತೀರ್ಮಾನವನ್ನು ಪ್ರೋಗ್ರಾಮಿನ ಹುಟ್ಟುಗುಣಕ್ಕೆ ಬಿಡಬಾರದು, ಮನುಷ್ಯರು ತಿಳಿದು ಮಾಡಬೇಕು ಎಂಬುದು ನನ್ನ ವಾದ.

ಪ್ರೋಗ್ರಾಮುಗಳ ಹುಟ್ಟುಗುಣವಾದರೂ ಒಂದೇ ಥರ ಇದೆಯೇ ಎಂದರೆ ಇಲ್ಲ. ಎಕ್ಸ್‌ಎಂಎಲ್ ಮರವನ್ನು ಪ್ರೋಗ್ರಾಂ ಹೇಗೆ ಮುಟ್ಟಬೇಕು ಎಂದು ಹೇಳುವ ಡಾಮ್ ಎಂಬ ನಿಯಮಾವಳಿ 1998ರ ಅಕ್ಟೋಬರಿನಲ್ಲಿ ಬಂತು. ಪ್ರತಿ ಆಟ್ರಿಬ್ಯೂಟಿನ ಮೇಲೂ ‘ಸ್ಪೆಸಿಫೈಡ್’ ಎಂಬ ಗುರುತನ್ನು ಅದು ಮೊದಲ ದಿನದಿಂದಲೇ ಇಟ್ಟಿತು. ಬರೆದವರು ಕೊಟ್ಟದ್ದಾದರೆ ಹೌದು, ನಿಯಮ ತುಂಬಿದ್ದಾದರೆ ಅಲ್ಲ. ಈ ಗುರುತನ್ನು ನೆಚ್ಚಿ 2004ರ ಏಪ್ರಿಲ್‌ನಲ್ಲಿ ಬಂದ ಡಾಮ್ ಮೂರನೇ ಹಂತದ ಓದು-ಬರಹದ ನಿಯಮ ಸೀರಿಯಲೈಸರಿಗೆ ಒಂದು ಸ್ವಿಚ್ ಕೊಟ್ಟಿತು. ಡೀಫಾಲ್ಟ್ ಆಗಿ ಬಂದದ್ದನ್ನು ಬಿಟ್ಟು ಬರೆ ಎಂಬುದು ಆ ಸ್ವಿಚ್ಚಿನ ಸಹಜ ಸ್ಥಿತಿ. ಬೇಕೆನಿಸಿದರೆ ಅದನ್ನು ಆಫ್ ಮಾಡಿ ಎಲ್ಲವನ್ನೂ ಬರೆಸಬಹುದು. ಬಹಳ ತೂಕದ ವ್ಯವಸ್ಥೆ ಇದು. ಯಾರು ಹೇಳಿದ್ದು ಎಂಬ ನೆನಪನ್ನು ಇಟ್ಟುಕೊಂಡರೆ ಮಾತ್ರ ಮುಂದೆ ಎರಡೂ ದಾರಿ ತೆರೆದಿರುತ್ತವೆ.

ಡಾಮ್‌ನೊಳಗೆ (ಮೂರನೇ ಹಂತದವರೆಗಿನ ನಿಯಮಗಳಲ್ಲಿ) ಹೊಸಬರನ್ನು ಕಾಡುವ ಒಂದು ನಡವಳಿಕೆ ಇದೆ. ಮರದಿಂದ ‘ಊರು’ ಆಟ್ರಿಬ್ಯೂಟನ್ನು ಅಳಿಸಿ ನೋಡಿ, ಅದು ಹೋಗುವುದಿಲ್ಲ. ಅಳಿಸಿದ ಕೂಡಲೇ ನಿಯಮಪಟ್ಟಿಯ ಮೌಲ್ಯ ಹೊತ್ತು ಮತ್ತೆ ಬಂದು ಕೂರುತ್ತದೆ, ‘ಸ್ಪೆಸಿಫೈಡ್ ಅಲ್ಲ’ ಎಂಬ ಗುರುತಿನೊಂದಿಗೆ. ಇನ್ನು, ಡೀಫಾಲ್ಟ್ ಆಗಿಯೇ ಇದ್ದ ‘ಬೆಲ್ಗಾಮ್’ ಮೇಲೆ ನೀವು ಮತ್ತೆ ‘ಬೆಲ್ಗಾಮ್’ ಎಂದೇ ಬರೆದಿರೋ, ಮೌಲ್ಯ ಬದಲಾಗದಿದ್ದರೂ ಗುರುತು ‘ಸ್ಪೆಸಿಫೈಡ್’ ಆಗುತ್ತದೆ. ಕಡತ ಬರೆಯುವಾಗ ಆ ಸಾಲಿನಲ್ಲಿ ಊರು ಕಾಣಿಸಿಕೊಳ್ಳುತ್ತದೆ. ಅರ್ಜಿ ತಿದ್ದುವ ಪರದೆಯಲ್ಲಿ ಯಾವುದನ್ನೂ ಬದಲಿಸದೆ ‘ಉಳಿಸು’ ಒತ್ತಿದರೆ ಎಲ್ಲ ಖಾನೆಗಳನ್ನೂ ಮತ್ತೆ ಬರೆಯುವ ಪ್ರೋಗ್ರಾಮುಗಳಿರುತ್ತವೆ. ಅಂಥ ಪ್ರೋಗ್ರಾಂ ಬರೆದವರು ಹೇಳದ ಮಾತನ್ನೂ ಅವರ ಹೆಸರಿಗೆ ಜಮಾ ಮಾಡುತ್ತದೆ.

ಒಂದು ಕಡತದ ಕೊಂಬೆಯನ್ನು ಇನ್ನೊಂದು ಕಡತಕ್ಕೆ ಒಯ್ಯುವಾಗಲೂ ಡಾಮ್ ಇದೇ ತತ್ವ ಪಾಲಿಸುತ್ತದೆ. ಬರೆದದ್ದು ಜೊತೆಗೆ ಹೋಗುತ್ತದೆ, ಡೀಫಾಲ್ಟ್ ಆಗಿ ಬಂದದ್ದು ಹಿಂದೆಯೇ ಉಳಿಯುತ್ತದೆ, ಹೊಸ ಕಡತದ ನಿಯಮಪಟ್ಟಿಯ ಡೀಫಾಲ್ಟ್ ಅಂಟಿಕೊಳ್ಳುತ್ತದೆ. ವಿದ್ಯಾರ್ಥಿಯೊಬ್ಬ ವಿಟಿಯು ಬಿಟ್ಟು ಅದೇ ಬೆಳಗಾವಿಯಲ್ಲಿ 2010ರಲ್ಲಿ ಶುರುವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದ ಎಂದಿಟ್ಟುಕೊಳ್ಳಿ. ಅವನ ಹಳೆಯ ದಾಖಲೆಯಲ್ಲಿ ವಿಶ್ವವಿದ್ಯಾಲಯದ ಹೆಸರು ಬರಿಯ ಡೀಫಾಲ್ಟ್ ಆಗಿದ್ದರೆ, ಹೊಸ ಕಡತಕ್ಕೆ ಬಂದ ಕ್ಷಣ ಅವನು ಮೊದಲಿಂದಲೂ ಇಲ್ಲೇ ಓದಿದವನಾಗಿಬಿಡುತ್ತಾನೆ. ಡಾಮ್ ತನ್ನ ನಿಯಮದಂತೆ ನಡೆದಿದೆ. ಅಂಥ ಮಾಹಿತಿಯನ್ನು ಡೀಫಾಲ್ಟ್ ಮಾಡಿದವರದೇ ತಪ್ಪು.

ಎಕ್ಸ್‌ಎಸ್‌ಎಲ್‌ಟಿಯ, ಅಂದರೆ ಎಕ್ಸ್‌ಎಂಎಲ್ ಕಡತವನ್ನು ಬೇರೆ ರೂಪಕ್ಕೆ ತಿರುಗಿಸುವ ಭಾಷೆಯ, ಕತೆಯೇ ಬೇರೆ. ಅದು ನೆಚ್ಚಿಕೊಂಡ ಎಕ್ಸ್‌ಪಾತ್ ಮಾದರಿ, ಡೀಫಾಲ್ಟ್ ಆಗಿ ಬಂದ ಆಟ್ರಿಬ್ಯೂಟನ್ನೂ ಬರೆದ ಆಟ್ರಿಬ್ಯೂಟನ್ನೂ ಒಂದೇ ಎಂದು ನೋಡಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ಹಾಗಾಗಿ ಕಡತವನ್ನು ಇದ್ದಂತೆ ನಕಲು ಮಾಡುವ ಅತಿ ಸರಳ ಎಕ್ಸ್‌ಎಸ್‌ಎಲ್‌ಟಿ ಬರೆದರೂ, ಹೊರಬಂದ ಕಡತ ಒಳಹೋದಂತೆ ಇರುವುದಿಲ್ಲ. ಎಕ್ಸ್‌ಎಚ್‌ಟಿಎಂಎಲ್ ಎಂಬ ಎಕ್ಸ್‌ಎಂಎಲ್ ರೂಪದ ವೆಬ್ ಪುಟವನ್ನು ಅದರ ಡಿಟಿಡಿ ಸಮೇತ ಓದಿ ನಕಲು ಮಾಡಿದವರಿಗೆ ಇದು ಗೊತ್ತು. ಆ ಡಿಟಿಡಿಯ ಪ್ರಕಾರ ಕೋಷ್ಟಕದ ಪ್ರತಿ ಮನೆಗೂ ‘ಕೋಲ್‌ಸ್ಪ್ಯಾನ್’ ಮತ್ತು ‘ರೋಸ್ಪ್ಯಾನ್’ (ಮನೆ ಹರಡುವ ಕಂಬ, ಸಾಲುಗಳ ಸಂಖ್ಯೆ) ಒಂದು ಎಂಬುದು ಡೀಫಾಲ್ಟ್. 60 ವಿದ್ಯಾರ್ಥಿಗಳ, ಐದೈದು ವಿಷಯಗಳ ಅಂಕಗಳ ಕೋಷ್ಟಕದಲ್ಲಿ 300 ಮನೆಗಳು. ಪ್ರತಿಯೊಂದಕ್ಕೂ ಯಾರೂ ಕೇಳದ 24 ಅಕ್ಷರಗಳು ಸೇರಿದರೆ ಕಡತ 7,200 ಅಕ್ಷರ ಉಬ್ಬುತ್ತದೆ. ಪ್ರತಿ ಕೊಂಡಿಯ ಮೇಲೂ ಅದರ ಆಕಾರ ‘ರೆಕ್ಟ್’ ಎಂದು ಹೇಳುವ ಇನ್ನೊಂದು ಆಟ್ರಿಬ್ಯೂಟ್. ಎಸ್‌ವಿಜಿ ಚಿತ್ರಗಳಲ್ಲಿ ‘ಜೂಮ್ ಅಂಡ್ ಪ್ಯಾನ್’ ಎಂಬ, ಯಾರೂ ಬರೆಯದ ಆಟ್ರಿಬ್ಯೂಟ್ ಮೂಡುವುದೂ ಇದೇ ದಾರಿಯಲ್ಲಿ. ಉಬ್ಬಿದ ಕಡತಕ್ಕಿಂತ ದೊಡ್ಡ ನಷ್ಟ ಎಂದರೆ, ಹಳೆಯ ಪ್ರತಿಗೂ ಹೊಸ ಪ್ರತಿಗೂ ಏನು ವ್ಯತ್ಯಾಸ ಎಂದು ಹುಡುಕುವವರಿಗೆ ಪ್ರತಿ ಸಾಲೂ ಬದಲಾದಂತೆ ಕಾಣುತ್ತದೆ. ನಿಜವಾಗಿ ತಿದ್ದಿದ ಒಂದು ಅಂಕ ಆ ರಾಶಿಯಲ್ಲಿ ಮುಚ್ಚಿಹೋಗುತ್ತದೆ. ಸ್ಯಾಕ್ಸನ್ ಎಂಬ ಎಕ್ಸ್‌ಎಸ್‌ಎಲ್‌ಟಿ ತಂತ್ರಾಂಶದಲ್ಲಿ ಡೀಫಾಲ್ಟುಗಳನ್ನು ತುಂಬಬೇಡ ಎಂದು ಹೇಳುವ ಆಯ್ಕೆ ಇರುವುದು ಈ ಕಾಟ ತಪ್ಪಿಸಲಿಕ್ಕೇ.

ಇದರ ತದ್ವಿರುದ್ಧ ಅಪಾಯವೂ ಇದೆ, ನನಗೆ ಹೆಚ್ಚು ಚಿಂತೆ ತರುವುದು ಅದೇ. ಡಿಟಿಡಿ ಬೇರೆ ಕಡತದಲ್ಲಿದ್ದರೆ, ಕಡತದ ಸಿಂಧುತ್ವ ಪರೀಕ್ಷಿಸದ ಪಾರ್ಸರ್ ಅದನ್ನು ಓದಲೇಬೇಕೆಂಬ ಕಟ್ಟಳೆ ಎಕ್ಸ್‌ಎಂಎಲ್‌ನಲ್ಲಿ ಇಲ್ಲ. ಓದದಿದ್ದರೆ ಡೀಫಾಲ್ಟ್ ಇದೆ ಎಂಬ ಸುಳಿವೂ ಅದಕ್ಕೆ ಇರದು. ಓದಬಾರದು ಎನ್ನಲು ಈಗ ಬಲವಾದ ಕಾರಣಗಳೂ ಇವೆ. 2008ರಲ್ಲಿ ಡಬ್ಲ್ಯು3ಸಿ ತನ್ನ ಸರ್ವರುಗಳ ಮೇಲೆ ಡಿಟಿಡಿಗಳಂಥ ಕಡತಗಳಿಗಾಗಿ ದಿನಕ್ಕೆ 13 ಕೋಟಿಯವರೆಗೂ ಕೋರಿಕೆ ಬರುತ್ತಿವೆ ಎಂದು ಬಹಿರಂಗವಾಗಿ ದೂರಿತು. ವರ್ಷಗಟ್ಟಲೆ ಬದಲಾಗದ ಕಡತವನ್ನು ಒಮ್ಮೆ ಇಳಿಸಿ ಇಟ್ಟುಕೊಳ್ಳದೆ ಪ್ರತಿ ಸಲವೂ ಕೇಳುವ ಪ್ರೋಗ್ರಾಮುಗಳೇ ಅದಕ್ಕೆ ಕಾರಣ. ಭದ್ರತೆಯ ಭಯವೂ ಇದೆ: ಹೊರಗಿನ ಕಡತ ಓದಲು ಬಿಟ್ಟರೆ ಅದೇ ಬಾಗಿಲಿನಿಂದ ದುಷ್ಟರು ಸರ್ವರಿನ ಗುಟ್ಟಿನ ಕಡತಗಳನ್ನು ಓದಿಸಿಕೊಳ್ಳಬಹುದು. ಹಾಗಾಗಿ ಜಾಗರೂಕ ಎಂಜಿನಿಯರುಗಳು ಆ ಬಾಗಿಲನ್ನೇ ಮುಚ್ಚುತ್ತಾರೆ. ಮುಚ್ಚುವುದು ಸರಿಯೇ. ಆದರೆ ಮುಚ್ಚಿದ ದಿನ, ಡೀಫಾಲ್ಟನ್ನು ನಂಬಿಕೊಂಡಿದ್ದ ದಾಖಲೆಗಳ ‘ಊರು’ ಖಾನೆ ಖಾಲಿಯಾಗುತ್ತದೆ. ಎಲ್ಲೂ ಎಚ್ಚರಿಕೆಯ ಸಂದೇಶ ಬರುವುದಿಲ್ಲ, ದೋಷ ಎಂದು ಯಾವ ಪ್ರೋಗ್ರಾಮೂ ನಿಲ್ಲುವುದಿಲ್ಲ.

ಸಹಿಯ ಪ್ರಶ್ನೆ ಬಂದಾಗ ಇದು ಇನ್ನಷ್ಟು ಬಿಗಿಯಾಗುತ್ತದೆ. ಡಿಜಿಟಲ್ ಸಹಿ ಹೊತ್ತ ಎಕ್ಸ್‌ಎಂಎಲ್ ನಮಗೆ ಹೊಸದಲ್ಲ, ಆಧಾರ್‌ನ ಆಫ್‌ಲೈನ್ ಇ-ಕೆವೈಸಿ ಎಂದು ನಾವು ಇಳಿಸಿಕೊಳ್ಳುವುದೂ ಅಂಥದೇ ಕಡತ. ಸಹಿ ಹಾಕುವ ಮುನ್ನ ಎಕ್ಸ್‌ಎಂಎಲ್ ಕಡತವನ್ನು ಒಂದು ನಿಶ್ಚಿತ ರೂಪಕ್ಕೆ ತರಬೇಕು, ಏಕೆಂದರೆ ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಸಹಿ ತಾಳೆಯಾಗದು. 2001ರ ಮಾರ್ಚಿನಲ್ಲಿ ಬಂದ ಕೆನಾನಿಕಲ್ ಎಕ್ಸ್‌ಎಂಎಲ್ ಆ ರೂಪವನ್ನು ಗೊತ್ತುಮಾಡಿತು: ಡೀಫಾಲ್ಟ್ ಆಟ್ರಿಬ್ಯೂಟುಗಳನ್ನೆಲ್ಲ ಬಿಡಿಸಿ ಬರೆ, ಡಿಟಿಡಿಯನ್ನು ತೆಗೆದುಹಾಕು. ಅರ್ಥವಾಗುವ ತೀರ್ಮಾನ, ನಿಯಮಪಟ್ಟಿ ಜೊತೆಗೆ ಬಾರದು ಎಂದಮೇಲೆ ಅದು ಹೇಳಬೇಕಾದ್ದನ್ನು ಕಡತವೇ ಹೇಳಬೇಕು. ಆದರೆ ಸಹಿ ಹಾಕುವವರ ಪಾರ್ಸರ್ ಡಿಟಿಡಿ ಓದಿ, ಪರಿಶೀಲಿಸುವವರ ಪಾರ್ಸರ್ ಓದದಿದ್ದರೆ? ಇಬ್ಬರ ನಿಶ್ಚಿತ ರೂಪಗಳೂ ಬೇರೆಯಾಗಿ, ಯಾರೂ ತಿದ್ದದ ಕಡತದ ಸಹಿ ಸುಳ್ಳಾಗುತ್ತದೆ. ಅದಕ್ಕೇ ಎಕ್ಸ್‌ಎಂಎಲ್ ಸಹಿಯ ನಿಯಮಾವಳಿ, ಡೀಫಾಲ್ಟ್ ಇರುವ ಆಟ್ರಿಬ್ಯೂಟುಗಳನ್ನು ಮೊದಲೇ ಕಡತದಲ್ಲಿ ಸ್ಪಷ್ಟವಾಗಿ ಬರೆಯುವ ಮಾತನ್ನು ಎತ್ತುತ್ತದೆ.

ಡೀಫಾಲ್ಟನ್ನು ಬಿಟ್ಟೇ ಬರೆಯಬೇಕು ಎಂಬ ಪಕ್ಷಕ್ಕೂ ಒಳ್ಳೆಯ ಉದಾಹರಣೆ ಇದೆ, ಅದರಲ್ಲಿ ಕನ್ನಡದ ಪಾಲೂ ಇದೆ. ಫೋನು ಕಂಪ್ಯೂಟರುಗಳಲ್ಲಿ ಕನ್ನಡದ ತಿಂಗಳು, ವಾರ, ನಾಣ್ಯಗಳ ಹೆಸರು ಸರಿಯಾಗಿ ಕಾಣಲು ಬೇಕಾದ ಮಾಹಿತಿಯನ್ನು ಯೂನಿಕೋಡ್ ಒಕ್ಕೂಟದ ಸಿಎಲ್‌ಡಿಆರ್ ಯೋಜನೆ ಎಕ್ಸ್‌ಎಂಎಲ್ ಕಡತಗಳಲ್ಲಿ ಇಟ್ಟಿದೆ, ಕನ್ನಡಕ್ಕೆ ಅದರದ್ದೇ ಕಡತ ಉಂಟು. ಅಲ್ಲಿ ಕಡತ ಬರೆಯುವ ವಿಧಾನವನ್ನೇ ನಿಯಮ ಮಾಡಿ, ಯಾವ ಟ್ಯಾಗಿನ ಯಾವ ಆಟ್ರಿಬ್ಯೂಟ್ ಯಾವ ಮೌಲ್ಯ ಹೊತ್ತಿದ್ದರೆ ಬರೆಯದೆ ಬಿಡಬೇಕು ಎಂಬ ಪಟ್ಟಿ ಕೊಟ್ಟರು. ದಿನಾಂಕದ ಮಾದರಿಗೆ ‘ಸ್ಟ್ಯಾಂಡರ್ಡ್’, ವಾರಾಂತ್ಯ ಶುರುವಾಗುವ ಹೊತ್ತಿಗೆ 00:00, ಮುಗಿಯುವ ಹೊತ್ತಿಗೆ 24:00, ಅಕ್ಷರಗಳ ದಿಕ್ಕಿಗೆ ಎಡದಿಂದ ಬಲಕ್ಕೆ, ಇಂಥವು ಆ ಪಟ್ಟಿಯಲ್ಲಿದ್ದವು. ನೂರಾರು ಭಾಷೆಗಳ ಕಡತಗಳನ್ನು ಹಲವರು ತಿದ್ದುವಾಗ ನಿಜವಾದ ಬದಲಾವಣೆಯಷ್ಟೇ ಎದ್ದು ಕಾಣಬೇಕಾದರೆ ಇದೇ ದಾರಿ. ಇಲ್ಲಿ ನನಗೆ ಮೆಚ್ಚುಗೆಯಾಗುವುದು ಆ ತೀರ್ಮಾನ ಎಲ್ಲರ ಕಣ್ಣಿಗೆ ಬೀಳುವಂತೆ ಬರಹದಲ್ಲಿ ಇರುವುದು. ತಾಂತ್ರಿಕ ಕೈಪಿಡಿಗಳಿಗಾಗಿ 2005ರಲ್ಲಿ ಓಯಸಿಸ್ ಸಂಸ್ಥೆಯ ಮನ್ನಣೆ ಪಡೆದ ಡಿಟಾ ಪದ್ಧತಿಯೂ ಡೀಫಾಲ್ಟನ್ನೇ ಬೆನ್ನೆಲುಬು ಮಾಡಿಕೊಂಡಿದೆ. ಪ್ರತಿ ಟ್ಯಾಗಿನ ವಂಶಾವಳಿ ಹೇಳುವ ‘ಕ್ಲಾಸ್’ ಆಟ್ರಿಬ್ಯೂಟನ್ನು ಬರಹಗಾರರು ಬರೆಯುವುದೇ ಇಲ್ಲ, ಡಿಟಿಡಿ ತುಂಬುತ್ತದೆ.

ಹಾಗಾದರೆ ಏನು ಮಾಡಬೇಕು? ದಿನವೂ ತಿದ್ದುವ, ಒಂದೇ ಸಂಸ್ಥೆಯೊಳಗೆ ಉಳಿಯುವ ಕಡತದಲ್ಲಿ ಬರೆಯದ್ದನ್ನು ಬರೆಯದೆಯೇ ಬಿಡಿ, ‘ಸ್ಪೆಸಿಫೈಡ್’ ಗುರುತನ್ನು ಗೌರವಿಸುವ ಸೀರಿಯಲೈಸರ್ ಬಳಸಿ. ಸಹಿ ಹಾಕುವ, ಹೊರಗೆ ಕಳಿಸುವ, ಹತ್ತಾರು ವರ್ಷ ಕಾಪಿಡುವ ಕಡತದಲ್ಲಿ ಎಲ್ಲವನ್ನೂ ಬಿಡಿಸಿ ಬರೆಯಿರಿ, ಆ ದಿನದ ನಿಯಮಪಟ್ಟಿಯ ಪ್ರತಿಯನ್ನೂ ಜೊತೆಗಿಡಿ. ಇದಕ್ಕಿಂತ ಮೊದಲಿನ ಮಾತು ಒಂದಿದೆ. ಊರು, ದಿನಾಂಕ, ಅಂಕ, ಹಣ, ಸಂಸ್ಥೆಯ ಹೆಸರು, ಇಂಥವಕ್ಕೆ ಡೀಫಾಲ್ಟ್ ಕೊಡಲೇಬೇಡಿ. ‘ಬರೆಯಲೇಬೇಕು’ ಎಂಬ ವರ್ಗಕ್ಕೆ ಸೇರಿಸಿ. ಕೋಷ್ಟಕದ ಮನೆಯ ಅಗಲಕ್ಕೆ ಡೀಫಾಲ್ಟ್ ಇರಲಿ, ಮನುಷ್ಯರ ಗುರುತಿಗೆ ಬೇಡ. ರಿಲ್ಯಾಕ್ಸ್ ಎನ್‌ಜಿ ಎಂಬ ನಂತರದ ನಿಯಮಭಾಷೆ ಕಡತವನ್ನು ಪರೀಕ್ಷಿಸುವುದಷ್ಟೇ ತನ್ನ ಕೆಲಸ ಎಂದು ತಿಳಿದು, ಮೌಲ್ಯ ತುಂಬುವ ಜವಾಬ್ದಾರಿಯಿಂದ ದೂರ ಉಳಿದದ್ದು ನನಗೆ ಸರಿಯೆನಿಸುತ್ತದೆ.

ಎಕ್ಸ್‌ಎಂಎಲ್ ಕಲಿಸುವ ಮೇಷ್ಟ್ರುಗಳು ಡೀಫಾಲ್ಟ್ ಇರುವ ಒಂದು ಆಟ್ರಿಬ್ಯೂಟನ್ನು ಲ್ಯಾಬಿನ ಕಡತಕ್ಕೆ ಸೇರಿಸಿ, ಒಮ್ಮೆ ಡಾಮ್‌ನಿಂದ, ಒಮ್ಮೆ ಎಕ್ಸ್‌ಎಸ್‌ಎಲ್‌ಟಿಯಿಂದ ಬರೆಸಿ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಬಹುದು, ಅರ್ಧ ಗಂಟೆ ಸಾಕು. ಸರ್ಕಾರಿ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಕಾಲೇಜುಗಳಲ್ಲಿ ತಂತ್ರಾಂಶ ಕೊಳ್ಳುವ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟು: ಅರ್ಜಿದಾರರು ಬರೆಯದೆ ಬಿಟ್ಟ ಖಾನೆಯಲ್ಲಿ ತಂತ್ರಾಂಶ ತುಂಬುವ ಮೌಲ್ಯ ಯಾವುದು, ಅದನ್ನು ಕಡತದಲ್ಲಿ ಬರೆದಿಡುತ್ತದೆಯೇ, ಬರೆದರೆ ಅದು ಅರ್ಜಿದಾರರ ಮಾತಲ್ಲ ಎಂಬ ಗುರುತು ಎಲ್ಲಿ ಉಳಿಯುತ್ತದೆ? ಈ ಮೂರು ಪ್ರಶ್ನೆಗಳನ್ನು ಟೆಂಡರ್ ದಾಖಲೆಯಲ್ಲೇ ಸೇರಿಸಿ, ಉತ್ತರವನ್ನು ಲಿಖಿತವಾಗಿ ಪಡೆದುಕೊಳ್ಳಿ.